ಹರದನಹಳ್ಳಿಯ ಹಾದಿಯಲ್ಲಿ ಹಕ್ಕಿಗಳ ಸಂತರ್ಪಣೆ

ಹಾಸನ ಜಿಲ್ಲೆಗೆ ಪ್ರವಾಸ ಹೊರಡುವ ಕುಟುಂಬಗಳ ದಾರಿ ಬಹುಮಟ್ಟಿಗೆ ಮೊದಲೇ ಗೊತ್ತಾಗಿರುತ್ತದೆ. ಬೇಲೂರಿನ ಚೆನ್ನಕೇಶವ, ಹಳೇಬೀಡಿನ ಹೊಯ್ಸಳೇಶ್ವರ, ಶ್ರವಣಬೆಳಗೊಳದ ಗೊಮ್ಮಟೇಶ್ವರ, ಈ ಮೂರರ ದರ್ಶನವಾದರೆ ಯಾತ್ರೆ ಸಾರ್ಥಕವಾಯಿತೆಂದು ತಿಳಿದು ಜನ ಊರಿಗೆ ಹಿಂದಿರುಗುತ್ತಾರೆ. ಈ ದಾರಿಗಳ ನಡುವೆ ಹಬ್ಬಿರುವ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಬಯಲನ್ನು ಕಾರಿನ ಕಿಟಕಿಯಿಂದ ಕಂಡು ಮರೆಯುವವರೇ ಹೆಚ್ಚು. ಆದರೆ ಮಾಗಿಯ ಒಂದು ಬೆಳಗ್ಗೆ ಆ ಕಿಟಕಿಯನ್ನು ತುಸು ಇಳಿಸಿ, ಎಂಜಿನ್ನನ್ನು ನಿಲ್ಲಿಸಿ, ದಾರಿಯ ಬದಿಯ ಒಂದು ಬೇಲಿಯ ಮುಂದೆ ಅರ್ಧ ಗಂಟೆ ಸುಮ್ಮನೆ ಕುಳಿತವರಿಗೆ, ಯಾವ ಟಿಕೆಟ್ಟೂ ಇಲ್ಲದೆ ದೊರೆಯುವ ನೋಟವೊಂದು ಅಲ್ಲಿ ಕಾದಿರುತ್ತದೆ.

ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ಹೆಸರು ರಾಜಕೀಯ ಬಲ್ಲವರಿಗೆಲ್ಲ ಪರಿಚಿತ. ೧೯೯೬ರ ಜೂನ್ ೧ರಂದು ಭಾರತದ ಪ್ರಧಾನಮಂತ್ರಿಯಾಗಿ ಅಧಿಕಾರ ವಹಿಸಿಕೊಂಡ ಎಚ್. ಡಿ. ದೇವೇಗೌಡರು ೧೯೩೩ರಲ್ಲಿ ಹುಟ್ಟಿದ್ದು ಈ ಊರಿನಲ್ಲಿ. ಆ ಒಂದು ಸಂಗತಿಯನ್ನು ಬಿಟ್ಟರೆ, ಈ ಸೀಮೆಯ ನೂರಾರು ಹಳ್ಳಿಗಳಂತೆ ಇದೂ ರಾಗಿ, ಭತ್ತ, ತೆಂಗುಗಳನ್ನು ನಂಬಿದ ಊರು. ಮೂಡಿಗೆರೆ ತಾಲ್ಲೂಕಿನ ಬೆಟ್ಟಗಳಲ್ಲಿ ಹುಟ್ಟುವ ಹೇಮಾವತಿ ಗೊರೂರಿನ ಅಣೆಕಟ್ಟೆಯಲ್ಲಿ ತಂಗಿ, ಹೊಳೆನರಸೀಪುರದ ಮಗ್ಗುಲಲ್ಲಿ ಹರಿದು, ಕೃಷ್ಣರಾಜಸಾಗರದ ಬಳಿ ಕಾವೇರಿಯನ್ನು ಸೇರುತ್ತಾಳೆ. ಪಡುವಣದ ಮಲೆನಾಡೂ ಮೂಡಣದ ಬಯಲುಸೀಮೆಯೂ ಕೈಕೈ ಹಿಡಿಯುವ ಸಂಧಿಯಲ್ಲಿ ಈ ನಾಡಿದೆ. ಎರಡೂ ಕಡೆಯ ಹಕ್ಕಿಗಳು ಇಲ್ಲಿಗೆ ನೆಂಟರಾಗಿ ಬರುವುದರಲ್ಲಿ ಆಶ್ಚರ್ಯವಿಲ್ಲ.

ಮಾಗಿಯ ಅಡಿಗೆಮನೆ

ಮಾರ್ಗಶಿರ ಪುಷ್ಯಗಳ ಚಳಿಗೆ ಹೊಲಗಳು ಬರಿದಾಗುತ್ತವೆ. ರಾಗಿಯ ಕಟಾವು ಮುಗಿದು ಒಕ್ಕಣೆ ನಡೆಯುವ ಕಾಲವದು. ಕಣ ಮಾಡುವುದರ ಬದಲು ತೆನೆಯನ್ನೂ ಹುರುಳಿಯನ್ನೂ ಡಾಂಬರು ರಸ್ತೆಯ ಮೇಲೇ ಹರಡಿ, ಓಡಾಡುವ ಬಂಡಿಗಳ ಚಕ್ರದಿಂದಲೇ ಒಕ್ಕಿಸಿಕೊಳ್ಳುವ ರೂಢಿಯೂ ಈ ಕಡೆ ಉಂಟು. ಹೊಲ ಬರಿದಾದರೂ ಬೇಲಿ ಬರಿದಾಗುವುದಿಲ್ಲ. ಲಾಂಟಾನದ ಪೊದೆಗಳಲ್ಲಿ ಮೆಣಸಿನಕಾಳಿನ ಗಾತ್ರದ ಹಣ್ಣಿನ ಗೊಂಚಲುಗಳು ಹಸಿರಿನಿಂದ ಕಡುನೇರಳೆಗೆ ತಿರುಗಿ ಮಿರುಗುತ್ತವೆ. ಅದರ ಮೇಲೆ ಹಬ್ಬಿದ ಕಾಡುತೊಂಡೆ ಮಾಗಿ ಕೆಂಪಗೆ ಬಿರಿದಿರುತ್ತದೆ. ಸಂಕ್ರಾಂತಿಯ ದಿನ ಮಕ್ಕಳ ತಲೆಯ ಮೇಲೆ ಕಬ್ಬಿನ ಚೂರಿನೊಡನೆ ಸುರಿಯುವ ಎಲಚಿ ಹಣ್ಣು ಮುಳ್ಳಿನ ನಡುವೆ ಹಳದಿಗೆ ತಿರುಗಿ ತೂಗುತ್ತಿರುತ್ತದೆ. ಅಲ್ಲಲ್ಲಿ ನಿಂತ ಆಲ, ಅರಳಿ, ಅತ್ತಿ, ಬಸರಿ ಮರಗಳಲ್ಲಿ ಒಂದಲ್ಲ ಒಂದು ಮರ ಹಣ್ಣು ಹೊತ್ತಿರುತ್ತದೆ.

ಆಲದ ಜಾತಿಯ ಮರಗಳಲ್ಲಿ ಒಂದು ವಿಶೇಷವುಂಟು. ಅವುಗಳ ಹೂಗಳು ಹಣ್ಣೆಂದು ಕಾಣುವ ಕಾಯಿಯ ಒಳಗೇ ಅಡಗಿವೆ. ಆ ಹೂಗಳಿಗೆ ಪರಾಗ ಹೊತ್ತು ತರುವುದು ಆಯಾ ಜಾತಿಗೇ ಮೀಸಲಾದ, ಕಣ್ಣಿಗೆ ಕಷ್ಟದಿಂದ ಕಾಣುವ ಒಂದು ಕಣಜ. ಕೆಲವೇ ದಿನ ಬದುಕುವ ಆ ಕಣಜದ ಸಂತತಿ ಉಳಿಯಬೇಕಾದರೆ, ಸೀಮೆಯಲ್ಲಿ ಯಾವುದಾದರೊಂದು ಮರ ವರ್ಷದ ಎಲ್ಲ ಕಾಲದಲ್ಲಿಯೂ ಕಾಯಿ ಬಿಡುತ್ತಿರಬೇಕು. ಆದಕಾರಣ ಒಂದು ಊರಿನ ಆಲಗಳೆಲ್ಲ ಒಟ್ಟಿಗೆ ಹಣ್ಣಾಗುವುದಿಲ್ಲ. ಸರದಿಯ ಮೇಲೆ ಅಡಿಗೆ ಮಾಡುವ ಮನೆಗಳಂತೆ ಒಂದರ ನಂತರ ಒಂದು ಎಲೆ ಹಾಕುತ್ತವೆ. ಬೇರೆ ಹಣ್ಣು ಅಪರೂಪವಾದ ತಿಂಗಳುಗಳಲ್ಲಿ ಹಕ್ಕಿಗಳನ್ನು ಕಾಪಾಡುವುದು ಈ ಸರದಿಯೇ.

ಉಣ್ಣಲು ಬರುವವರು

ಇಬ್ಬನಿ ಇನ್ನೂ ಆರುವ ಮೊದಲೇ ಬೇಲಿಯ ತುದಿಯಲ್ಲಿ ಮೊದಲ ಧ್ವನಿ ಕೇಳಿಸುವುದು ಪಿಕಳಾರದ್ದು. ತಲೆಯ ಮೇಲೆ ನೆಟ್ಟಗೆ ನಿಂತ ಕಪ್ಪು ಜುಟ್ಟು, ಕಣ್ಣಿನ ಹಿಂದೆ ಕುಂಕುಮದ ಚುಕ್ಕೆ. ಇದು ಕೆಮ್ಮೀಸೆಯ ಪಿಕಳಾರ. ಅದರ ದಾಯಾದಿಯಾದ ಇನ್ನೊಂದಕ್ಕೆ ಕೆಂಪು ಇರುವುದು ಬಾಲದ ಬುಡದಲ್ಲಿ. ರಾತ್ರಿಯ ಚಳಿಯಲ್ಲಿ ಉಪವಾಸವಿದ್ದ ಈ ಹಕ್ಕಿಗಳು ಗರಿ ಉಬ್ಬಿಸಿಕೊಂಡು ಹತ್ತಿಯ ಉಂಡೆಗಳಂತೆ ಬಿಸಿಲಿಗೆ ಮೈಯೊಡ್ಡಿ, ಅನಂತರ ಹಣ್ಣಿಗೆ ಇಳಿಯುತ್ತವೆ. ಬೆಳಗಿನ ಮೊದಲ ಎರಡು ಗಂಟೆ ಅವುಗಳ ಮುಖ್ಯ ಊಟದ ಹೊತ್ತು.

ಪಿಕಳಾರಗಳ ಹಿಂದೆಯೇ ಗೊರವಂಕಗಳು ಗದ್ದಲದೊಡನೆ ಬರುತ್ತವೆ. ಕಣ್ಣಿನ ಸುತ್ತ ಬೆಳ್ಳಿಯ ಬಳೆ ತೊಟ್ಟಂತಿರುವ ಪುಟ್ಟ ಬೆಳ್ಗಣ್ಣಗಳು ಹಿಂಡಾಗಿ ಎಲೆಗಳ ನಡುವೆ ನುಸುಳುತ್ತವೆ. ಅತ್ತಿಯ ಮರದಲ್ಲಿ ಕುಟ್ರು ಹಕ್ಕಿ ಎಲೆಯ ಬಣ್ಣದಲ್ಲಿಯೇ ಮುಚ್ಚಿಹೋಗಿ, ಕೂಗಿದಾಗ ಮಾತ್ರ ತಾನಿರುವುದನ್ನು ತಿಳಿಸುತ್ತದೆ. ಕಂಚುಗಾರ ಹಕ್ಕಿ ಆಲದ ನೆತ್ತಿಯ ಮೇಲೆ ಕುಳಿತು ಪಾತ್ರೆ ಬಡಿಯುವ ಸದ್ದು ಮಾಡುತ್ತದೆ. ವಸಂತದಲ್ಲಿ ಹಾಡಿ ಹೆಸರು ಪಡೆದ ಕೋಗಿಲೆ ಮಾಗಿಯಲ್ಲಿ ಬಹುಮಟ್ಟಿಗೆ ಮೌನಿ; ಕೆಂಪು ಕಣ್ಣಿನ ಕರಿಯ ಗಂಡೂ, ಮೈತುಂಬ ಬಿಳಿಯ ಚುಕ್ಕೆಯ ಕಂದು ಹೆಣ್ಣೂ ಹಣ್ಣಿನ ಮರದಲ್ಲಿ ಮಾತಿಲ್ಲದೆ ಉಣ್ಣುತ್ತವೆ. ಚಳಿಗಾಲಕ್ಕೆ ದಕ್ಷಿಣಕ್ಕೆ ಇಳಿದುಬರುವ ಹೊನ್ನಕ್ಕಿ ಒಮ್ಮೆ ಹಳದಿಯ ಮಿಂಚಾಗಿ ಹಾದರೆ, ಕಾರಿನಲ್ಲಿ ಕುಳಿತ ಮಕ್ಕಳನ್ನು ಸುಮ್ಮನಿರಿಸುವುದು ಕಷ್ಟ.

ಅತಿ ದೂರದ ಅತಿಥಿಯೆಂದರೆ ಗುಲಾಬಿ ಕಬ್ಬಕ್ಕಿ. ಮಧ್ಯ ಏಷ್ಯದ ಹುಲ್ಲುಗಾವಲುಗಳಲ್ಲಿ ಬೇಸಿಗೆ ಕಳೆದು ಮರಿ ಮಾಡುವ ಈ ಹಕ್ಕಿಗಳು ಮಳೆಗಾಲ ಮುಗಿಯುವ ಮುನ್ನವೇ ಭಾರತಕ್ಕೆ ಬರತೊಡಗಿ, ಏಪ್ರಿಲ್ ತಿಂಗಳವರೆಗೂ ಇಲ್ಲಿಯೇ ಇರುತ್ತವೆ. ಕಪ್ಪು ತಲೆ, ಕಪ್ಪು ರೆಕ್ಕೆ, ನಡುವೆ ಮಾಸಿದ ಗುಲಾಬಿಯ ಶಾಲು ಹೊದೆದಂತೆ ಮೈ. ಬೇಸಿಗೆಯಲ್ಲಿ ಮಿಡತೆ ತಿಂದು ಬದುಕುವ ಇವಕ್ಕೆ ಇಲ್ಲಿ ಬೇಲಿಯ ಹಣ್ಣು, ಆಲದ ಹಣ್ಣು, ಜೋಳದ ತೆನೆ ಎಲ್ಲವೂ ಆದೀತು. ಸಾವಿರಾರು ಮೈಲಿ ಹಾರಿ ಬಂದ ಜೀವವೊಂದು ಎಲಚಿಯ ಮುಳ್ಳಿನ ಮೇಲೆ ಕುಳಿತು ಹಣ್ಣು ಕುಕ್ಕುವುದನ್ನು ನೋಡುವಾಗ, ಯಾರ ಬೇಲಿಯೂ ಅವನೊಬ್ಬನದೇ ಅಲ್ಲವೆನ್ನುವ ಭಾವನೆ ಹುಟ್ಟುವುದು ಸಹಜ.

ಚಕ್ರಗಳಿರುವ ಮರೆ

ಹಕ್ಕಿಯ ಚಿತ್ರ ತೆಗೆಯುವವರಿಗೆ ಮೊದಲ ತೊಡಕು ಹಕ್ಕಿಯ ಅಂಜಿಕೆ. ಇಂಗ್ಲೆಂಡಿನ ರಿಚರ್ಡ್ ಕೀರ್ಟನ್ ಮತ್ತು ಚೆರ್ರಿ ಕೀರ್ಟನ್ ಎಂಬ ಸೋದರರು, ಸುಮಾರು ೧೯೦೦ರ ಹೊತ್ತಿಗೆ, ಎತ್ತಿನ ಚರ್ಮವನ್ನು ಚೌಕಟ್ಟಿಗೆ ಹೊದಿಸಿ, ಆ ಪೊಳ್ಳು ಎತ್ತಿನ ಹೊಟ್ಟೆಯಲ್ಲಿ ಅಡಗಿ ಕುಳಿತು ಚಿತ್ರ ತೆಗೆಯಲು ಯತ್ನಿಸಿದ್ದರು. ಹಕ್ಕಿ ಎತ್ತಿಗೆ ಹೆದರುವುದಿಲ್ಲ, ಮನುಷ್ಯನ ಆಕೃತಿಗೆ ಹೆದರುತ್ತದೆ ಎಂಬುದು ಅವರ ತರ್ಕ. ನಿಂತ ಕಾರು ಈಗ ಮಾಡುವುದೂ ಅದೇ ಕೆಲಸ. ರಸ್ತೆಯಲ್ಲಿ ದಿನವೆಲ್ಲ ವಾಹನಗಳನ್ನು ಕಂಡಿರುವ ಪಿಕಳಾರ ಅವುಗಳನ್ನು ಒಂದು ಬಗೆಯ ನಿರುಪದ್ರವಿ ದನವೆಂದೇ ಎಣಿಸುವಂತೆ ತೋರುತ್ತದೆ. ಆದರೆ ಬಾಗಿಲು ತೆರೆದು ಒಂದು ಕಾಲು ನೆಲಕ್ಕೆ ಇಟ್ಟರೆ ಸಾಕು, ಬೇಲಿ ಕ್ಷಣದಲ್ಲಿ ಖಾಲಿಯಾಗುತ್ತದೆ.

ಈ ಕೆಲಸಕ್ಕೆ ಒಂದು ಕ್ರಮವುಂಟು. ವಾಹನಗಳು ಎಡಕ್ಕೆ ಚಲಿಸುವ ಈ ದೇಶದಲ್ಲಿ ಬೇಲಿಗೆ ಹತ್ತಿರವಿರುವುದು ಎಡಗಡೆಯ ಕಿಟಕಿ. ಆದ್ದರಿಂದ ಕಾರು ನಡೆಸುವವರು ಬೇರೆಯವರಾಗಿ, ಕ್ಯಾಮರ ಹಿಡಿದವರು ಹಿಂದಿನ ಸೀಟಿನ ಎಡಬದಿಯಲ್ಲಿ ಕುಳಿತರೆ ಅನುಕೂಲ. ಉತ್ತರಕ್ಕೆ ಹೋಗುವ ದಾರಿಯಾದರೆ ಬೆಳಗಿನ ಬಿಸಿಲು ಕಾರಿನ ಹಿಂದಿನಿಂದ ಬಂದು ಎಡಬದಿಯ ಬೇಲಿಯನ್ನು ಬೆಳಗುತ್ತದೆ. ಅದೇ ದಾರಿಯಲ್ಲಿ ಸಂಜೆ ದಕ್ಷಿಣಕ್ಕೆ ಹಿಂದಿರುಗುವಾಗ ಇನ್ನೊಂದು ಬದಿಯ ಬೇಲಿಗೆ ಅದೇ ಭಾಗ್ಯ. ಸೂರ್ಯ ತೀರ ಕೆಳಗಿದ್ದಾಗ ಕಾರಿನ ನೆರಳೇ ಪೊದೆಯ ಮೇಲೆ ಬೀಳುವುದರಿಂದ, ಹಣ್ಣಿನ ಕೊಂಬೆಗಿಂತ ತುಸು ಹಿಂದೆಯೇ ನಿಲ್ಲುವುದು ಲೇಸು. ದಟ್ಟಣೆಯ ಹೆದ್ದಾರಿಯಲ್ಲಿ ಈ ಸಾಹಸ ಕೂಡದು. ಹಳ್ಳಿಗೆ ಕವಲೊಡೆಯುವ ಸಣ್ಣ ರಸ್ತೆಗಳೂ ನಾಲೆಯ ಏರಿಯ ದಾರಿಗಳೂ ಇದಕ್ಕೆ ತಕ್ಕವು.

ಎಂಜಿನ್ನು ಓಡುತ್ತಿದ್ದರೆ ಅದರ ನಡುಕ ಕ್ಯಾಮರಕ್ಕೂ ಹರಡಿ ಚಿತ್ರ ಮಸುಕಾಗುತ್ತದೆ. ೪೦೦ ಮಿಲಿಮೀಟರಿನ ಮಸೂರ ಹಕ್ಕಿಯನ್ನು ಸಾಧಾರಣ ಮಸೂರಕ್ಕಿಂತ ಎಂಟು ಪಟ್ಟು ಹತ್ತಿರಕ್ಕೆ ತರುವಂತೆ, ಕೈಯ ಅದುರನ್ನೂ ಎಂಟು ಪಟ್ಟು ಹಿಗ್ಗಿಸುತ್ತದೆ. ಮುಕ್ಕಾಲಿ ಪೀಠಕ್ಕೆ ಕಾರಿನಲ್ಲಿ ಎಡೆಯಿಲ್ಲ. ಅದಕ್ಕೆ ಅತಿ ಸುಲಭವಾದ ಉಪಾಯವೆಂದರೆ ಒಂದು ಬಟ್ಟೆಯ ಚೀಲಕ್ಕೆ ಎರಡು ಕಿಲೋದಷ್ಟು ರಾಗಿಯನ್ನೋ ಒಣ ಅವರೆಕಾಳನ್ನೋ ತುಂಬಿ, ಅರ್ಧ ಇಳಿಸಿದ ಗಾಜಿನ ಮೇಲೆ ಇಟ್ಟುಕೊಳ್ಳುವುದು. ಮಸೂರ ಅದರಲ್ಲಿ ಹುದುಗಿ ಅಲುಗದೆ ಕುಳಿತುಕೊಳ್ಳುತ್ತದೆ. ಮನೆಗೆ ಬಂದ ಮೇಲೆ ಅವರೆಕಾಳು ಹುಳಿಗೂ ಆಗುತ್ತದೆ.

ಪಿಕಳಾರ ಹಣ್ಣನ್ನು ಕಿತ್ತು, ಕೊಕ್ಕಿನ ತುದಿಯಲ್ಲಿ ಹಿಡಿದು, ತಲೆ ಎತ್ತಿ ನುಂಗಲು ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ. ಅದನ್ನು ಹಿಡಿಯಲು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಚುರುಕಾದ ಶಟರು ಬೇಕು. ಕಪ್ಪು ತಲೆ, ಕಪ್ಪು ಕೊಕ್ಕು, ಕಪ್ಪು ಹಣ್ಣು ಮೂರೂ ಒಂದಾಗಿ ಕಲಸಿಹೋಗದಂತೆ ಬೆಳಕು ಎದುರಿನಿಂದ ಬೀಳಬೇಕು. ಕಣ್ಣಿನಲ್ಲಿ ಬಿಸಿಲಿನ ಒಂದು ಚುಕ್ಕೆ ಮಿನುಗದಿದ್ದರೆ ಎಷ್ಟು ಅಂದದ ಹಕ್ಕಿಯೂ ಚಿತ್ರದಲ್ಲಿ ನಿರ್ಜೀವವಾಗಿ ಕಾಣುತ್ತದೆ.

ಸುರುಳಿಗೆ ಮೂವತ್ತಾರೇ ಚಿತ್ರಗಳಿದ್ದ ಫಿಲ್ಮಿನ ಕಾಲದಲ್ಲಿ ಇದು ತಪಸ್ಸೇ ಆಗಿತ್ತು. ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ ಮತ್ತು ಇ. ಹನುಮಂತರಾವ್, ಸಂಡೂರಿನ ಎಂ. ವೈ. ಘೋರ್ಪಡೆ ಅವರು ಆ ತಪಸ್ಸನ್ನು ಆಚರಿಸಿ ಕರ್ನಾಟಕದ ವನ್ಯಜೀವಿ ಛಾಯಾಗ್ರಹಣಕ್ಕೆ ಹೆಸರು ತಂದವರು. ಹೇಮಾವತಿ ಹುಟ್ಟುವ ಮೂಡಿಗೆರೆ ಸೀಮೆಯಲ್ಲಿ ನೆಲಸಿದ್ದ ಪೂರ್ಣಚಂದ್ರ ತೇಜಸ್ವಿಯವರು (೧೯೩೮–೨೦೦೭) ಹಕ್ಕಿಗಳ ಬೆನ್ನು ಹತ್ತಿ ತೆಗೆದ ಚಿತ್ರಗಳೂ ಬರೆದ ಪುಸ್ತಕಗಳೂ ಕನ್ನಡದ ಎಷ್ಟೋ ಮನೆಗಳಲ್ಲಿ ಮಕ್ಕಳಿಗೆ ಹಕ್ಕಿಯ ಹೆಸರು ಕಲಿಸಿದವು. ಅವರೆಲ್ಲರಿಗಿಂತ ಮೊದಲು, ೧೯೩೯-೪೦ರಲ್ಲಿ, ಸಲೀಂ ಅಲಿಯವರು ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದ್ದರು.

“ಗಾಡಿ ಕೆಟ್ಟೋಯ್ತಾ ಸ್ವಾಮಿ?”

ಹಳ್ಳಿಯ ದಾರಿಯಲ್ಲಿ ನಿಂತ ಕಾರು ಹಕ್ಕಿಗಳಿಗೆ ಸೋಜಿಗವಲ್ಲ, ಜನರಿಗೆ ಸೋಜಿಗ. ಎತ್ತು ಹೊಡೆದುಕೊಂಡು ಬರುವ ರೈತನೊಬ್ಬ ಕಿಟಕಿಗೆ ಬಗ್ಗಿ ವಿಚಾರಿಸದೆ ಹೋಗುವುದು ಅಪರೂಪ. ಆಗ ನಡೆಯುವ ಮಾತು ಸುಮಾರಾಗಿ ಹೀಗಿರುತ್ತದೆ:

“ಯಾಕ್ ಸ್ವಾಮಿ, ಗಾಡಿ ಕೆಟ್ಟೋಯ್ತಾ?”

“ಇಲ್ಲ ಗೌಡ್ರೇ, ಹಕ್ಕಿ ಫೋಟೋ ತೆಗೀತಾ ಇದೀವಿ.”

“ಯಾವ ಹಕ್ಕಿ? ಈ ಪಿಕಳಾರಾನ? ಇದುಕ್ಕೆ ಅಷ್ಟು ದೂರದಿಂದ ಬಂದ್ರಾ?” ಎಂದು ನಕ್ಕು, ಒಂದು ಗಳಿಗೆ ನಿಂತು, “ತೆಕ್ಕಳಿ, ತೆಕ್ಕಳಿ. ಮುಂದಿನ್ ವರ್ಷ ಈ ಬೇಲಿ ಇರಾಕಿಲ್ಲ. ಕಲ್ಲುಕಂಬ ನೆಟ್ಟು ತಂತಿ ಎಳೀತೀವಿ” ಎನ್ನುತ್ತಾನೆ.

“ಯಾಕೆ ಗೌಡ್ರೇ, ಬೇಲಿ ಚೆನ್ನಾಗೇ ಇದೆಯಲ್ಲ?”

“ನಿಮ್ಮ ಕಣ್ಣಿಗೆ ಚೆಂದ ಸ್ವಾಮಿ. ಇದು ವರ್ಷವರ್ಷ ಒಂದೊಂದು ಮಾರು ಹೊಲದೊಳೀಕೆ ನುಗ್ತದೆ. ಕಡ್ಯಾಕೆ ಆಳಿಗೆ ಎಲ್ಲಿಂದ ಕೂಲಿ ಕೊಡಾದು?”

ಈ ಮಾತಿನಲ್ಲಿ ನ್ಯಾಯವಿಲ್ಲವೆಂದು ಹೇಳುವಂತಿಲ್ಲ. ಲಾಂಟಾನ ಈ ನೆಲದ ಗಿಡವಲ್ಲ. ಅಮೆರಿಕ ಖಂಡದ ಉಷ್ಣವಲಯದಿಂದ, ಹೂವಿನ ಅಂದಕ್ಕಾಗಿ, ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಉದ್ಯಾನಕ್ಕೆ ತಂದು ನೆಟ್ಟ ಗಿಡವಿದು. ಇಂದು ಅದು ಬಂಡೀಪುರ ನಾಗರಹೊಳೆಗಳ ಕಾಡಿನಲ್ಲಿಯೂ ಹುಲ್ಲನ್ನು ಅಡಗಿಸಿ ಹಬ್ಬಿದೆ. ಸೊಪ್ಪು ದನಕ್ಕೆ ವಿಷ. ಅದನ್ನು ಊರಿಂದೂರಿಗೆ ಹಬ್ಬಿಸಿದವರಾದರೂ ಯಾರು? ಕ್ಯಾಮರದ ಮುಂದೆ ಅಂದವಾಗಿ ಕುಳಿತು ಹಣ್ಣು ನುಂಗುತ್ತಿರುವ ಇದೇ ಪಿಕಳಾರ, ಇದೇ ಗೊರವಂಕ. ಛಾಯಾಗ್ರಾಹಕನ ಅತ್ಯುತ್ತಮ ಚಿತ್ರ ರೈತನ ಪಾಲಿಗೆ ಕಳೆಯ ಬಿತ್ತನೆಯ ಚಿತ್ರವೂ ಹೌದು.

ಆದರೆ ಅದೇ ಕೊಕ್ಕು ಬಿತ್ತುವುದು ಲಾಂಟಾನವನ್ನಷ್ಟೇ ಅಲ್ಲ. ಹಳೆಯ ಬೇಲಿಯೊಳಗೆ ಹುಡುಕಿದರೆ ಯಾರೂ ನೆಡದ ಶ್ರೀಗಂಧದ ಸಸಿಗಳು ಕಾಣಸಿಗುವುದುಂಟು. ಗಂಧದ ಮರ ವರ್ಷಕ್ಕೆ ಎರಡು ಬಾರಿ ಕಪ್ಪುನೇರಳೆ ಬಣ್ಣದ ಹಣ್ಣು ಬಿಡುತ್ತದೆ. ಕೋಗಿಲೆ, ಪಿಕಳಾರ, ಕುಟ್ರುಗಳು ಅದನ್ನು ತಿಂದು ಬೀಜವನ್ನು ಬೇರೆಡೆ ಉದುರಿಸುತ್ತವೆ. ಗಂಧದ ಸಸಿ ಒಂಟಿಯಾಗಿ ಏಳಿಗೆಯಾಗುವುದಿಲ್ಲ. ನೆರೆಯ ಗಿಡಗಳ ಬೇರಿಗೆ ತನ್ನ ಬೇರನ್ನು ತಗುಲಿಸಿ ಆಹಾರ ಹೀರುವ ಅದಕ್ಕೆ, ಹಲವು ಗಿಡಗಳು ಒತ್ತಾಗಿ ಬೆಳೆದ ಬೇಲಿಗಿಂತ ಒಳ್ಳೆಯ ತೊಟ್ಟಿಲು ಬೇರೆ ಇಲ್ಲ. ತನ್ನ ಹೊಲದಲ್ಲಿ ಹುಟ್ಟಿದ ಗಂಧದ ಮರವೂ ಸರ್ಕಾರದ ಸ್ವತ್ತೇ ಆಗಿದ್ದ ಕಾಲದಲ್ಲಿ ರೈತನಿಗೆ ಆ ಸಸಿಯಿಂದ ತಲೆನೋವಲ್ಲದೆ ಬೇರೆ ಲಾಭವಿರಲಿಲ್ಲ. ೨೦೦೧ರಲ್ಲಿ ಕರ್ನಾಟಕದ ಅರಣ್ಯ ಕಾನೂನಿಗೆ ತಿದ್ದುಪಡಿಯಾಗಿ, ಮರದ ಒಡೆತನ ನೆಲದ ಒಡೆಯನಿಗೆ ದೊರೆಯಿತು. ಹಾಗಾಗಿ ಹಕ್ಕಿ ಬಿಟ್ಟಿಯಾಗಿ ನೆಟ್ಟುಹೋದ ಗಿಡವೊಂದು ಇಂದು ಮನೆತನಕ್ಕೆ ಆಸ್ತಿಯಾಗಬಲ್ಲದು.

ಬದನಿಕೆ ಹಕ್ಕಿಯ ಕಥೆಯೂ ಇಂಥದೇ. ಹೆಬ್ಬೆರಳಿನಷ್ಟೇ ಇರುವ, ಭಾರತದ ಅತಿ ಚಿಕ್ಕ ಹಕ್ಕಿಗಳಲ್ಲಿ ಒಂದಾದ ಇದು ಮಾವು ಹೊಂಗೆಗಳ ಕೊಂಬೆಗೆ ಅಂಟಿ ಬೆಳೆಯುವ ಬದನಿಕೆಯ ಹಣ್ಣನ್ನು ನುಂಗುತ್ತದೆ. ಬೀಜ ಅಂಟುಅಂಟಾಗಿರುವುದರಿಂದ ಸುಲಭವಾಗಿ ಹೊರಗೆ ಬೀಳದು. ಹಕ್ಕಿ ಕೊಂಬೆಗೆ ಮೈಯುಜ್ಜಿ ಅದನ್ನು ಅಲ್ಲಿಯೇ ಅಂಟಿಸುತ್ತದೆ, ಅಲ್ಲೊಂದು ಹೊಸ ಬದನಿಕೆ ಹುಟ್ಟುತ್ತದೆ. ಅರಳಿಯ ಬೀಜವನ್ನು ಗೋಪುರದ ಕಲ್ಲುಸಂದಿಗೆ ಸೇರಿಸಿ, ದೇಗುಲ ಕಾಯುವವರಿಗೆ ಕೆಲಸ ಕೊಡುವವೂ ಹಕ್ಕಿಗಳೇ. ಅವಕ್ಕೆ ಒಳಿತು ಕೆಡುಕುಗಳ ಭೇದವಿಲ್ಲ, ಹಸಿವೊಂದೇ ಗೊತ್ತು. ಯಾವ ಬೀಜ ಅವುಗಳ ಬಾಯಿಗೆ ಸಿಕ್ಕಬೇಕು ಎಂಬುದನ್ನು ನಿರ್ಧರಿಸುವವನು, ಬೇಲಿಯಲ್ಲಿ ಏನನ್ನು ಬೆಳೆಸಬೇಕೆಂದು ಗೊತ್ತುಮಾಡುವ ಮನುಷ್ಯ.

ಉಳಿಸಬೇಕಾದ ಸಾಲು

ತಂತಿಯ ಬೇಲಿ ದನವನ್ನು ತಡೆದೀತು, ಹಣ್ಣು ಬಿಡಲಾರದು. ರಸ್ತೆಗಳು ಅಗಲವಾದಲ್ಲೆಲ್ಲ ಮೈಸೂರು ಸಂಸ್ಥಾನದ ಕಾಲದಲ್ಲಿ ನೆಟ್ಟ ಸಾಲುಮರಗಳೂ ಉರುಳಿವೆ. ಒಂದು ದೊಡ್ಡ ಆಲ ಹೋದರೆ ನೆರಳು ಹೋಯಿತೆಂದು ದಾರಿಹೋಕ ಮರುಗುತ್ತಾನೆ; ಸರದಿಯ ಊಟದಲ್ಲಿ ಒಂದು ಮನೆ ಮುಚ್ಚಿತೆಂಬುದು ಹಕ್ಕಿಗೆ ಮಾತ್ರ ತಿಳಿಯುತ್ತದೆ. ಮಾಗಡಿ ತಾಲ್ಲೂಕಿನ ಹುಲಿಕಲ್ಲು–ಕುದೂರು ರಸ್ತೆಯಲ್ಲಿ ಪತಿಯೊಡನೆ ಆಲದ ಗಿಡಗಳನ್ನು ನೆಟ್ಟು, ನೀರು ಹೊತ್ತು ಬೆಳೆಸಿದ ಸಾಲುಮರದ ತಿಮ್ಮಕ್ಕನವರಿಗೆ ೨೦೧೯ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ಆಕೆ ಓದು ಬಲ್ಲವರಾಗಿರಲಿಲ್ಲ. ಆದರೂ ಪಂಡಿತರು ಹಣ್ಣಿನ ಮರಗಳ ಮಹಿಮೆಯನ್ನು ಬರೆದು ತಿಳಿಸುವ ಮೊದಲೇ ಆಕೆ ಆ ಮರಗಳನ್ನು ನೆಟ್ಟು ತೋರಿಸಿದ್ದರು.

ಲಾಂಟಾನವನ್ನು ಕಡಿಯುವ ರೈತನನ್ನು ದೂರುವುದರಿಂದ ಪ್ರಯೋಜನವಿಲ್ಲ. ಆದರೆ ಕಲ್ಲುಕಂಬದ ಮಗ್ಗುಲಲ್ಲಿ ಒಂದು ಎಲಚಿ, ಹೊಲದ ಮೂಲೆಯಲ್ಲಿ ಒಂದು ಅತ್ತಿ, ಬದುವಿನಲ್ಲಿ ಹೊಂಗೆಯ ಆಸರೆಗೆ ಒಂದು ಗಂಧ ಉಳಿದರೆ, ತಂತಿ ಬಂದರೂ ಹಕ್ಕಿಗಳು ದೂರವಾಗಬೇಕಾಗಿಲ್ಲ. ನಗರದವರು ಇದಕ್ಕೆ ಮಾಡಬಹುದಾದ ಸಹಾಯ ಸಣ್ಣದಲ್ಲ. ಹಕ್ಕಿಯನ್ನು ನೋಡಲು ದೂರದಿಂದ ಜನ ಬರುತ್ತಾರೆಂಬ ಸಂಗತಿಯೇ ಹಳ್ಳಿಯವರ ಕಣ್ಣಿನಲ್ಲಿ ಆ ಹಳೆಯ ಬೇಲಿಯ ಬೆಲೆಯನ್ನು ಹೆಚ್ಚಿಸುತ್ತದೆ. ಬಂದವರು ತೆಗೆದ ಚಿತ್ರವನ್ನು ಹೊಲದೊಡೆಯನಿಗೆ ತೋರಿಸಿ ಹೋದರೆ, ದಿನವೂ ಕಂಡ ಪಿಕಳಾರದ ಕೆನ್ನೆಯ ಕುಂಕುಮವನ್ನು ಆತ ಅಷ್ಟು ಹತ್ತಿರದಿಂದ ನೋಡುವುದು ಬಹುಶಃ ಅದೇ ಮೊದಲು.

ಹೊರಡುವವರು ನೆನಪಿಡಬೇಕಾದ ನಿಯಮಗಳು ಕೆಲವೇ. ಚಿತ್ರ ಅಂದವಾಗಲೆಂದು ಅಡ್ಡ ಬಂದ ಕೊಂಬೆಯನ್ನು ಮುರಿಯಬಾರದು. ಅದೇ ಹಕ್ಕಿಗೆ ಗಿಡುಗನಿಂದ ಮರೆ. ಯಂತ್ರದಲ್ಲಿ ಹಕ್ಕಿಯ ಕೂಗನ್ನು ನುಡಿಸಿ ಅದನ್ನು ಕರೆಯಬಾರದು. ಗೂಡು ಕಂಡರೆ ಹತ್ತಿರ ನಿಲ್ಲದೆ ಮುಂದೆ ಸಾಗಬೇಕು. ರಸ್ತೆಯಲ್ಲಿ ರಾಗಿ ಹರಡಿದ್ದರೆ ನಿಧಾನವಾಗಿ ಹೋಗಬೇಕು. ಸೂರ್ಯೋದಯಕ್ಕೆ ಮೊದಲೇ ಹೊಳೆನರಸೀಪುರವನ್ನು ದಾಟುವಂತೆ ಹೊರಟು, ಫ್ಲಾಸ್ಕಿನಲ್ಲಿ ಕಾಫಿ, ಡಬ್ಬಿಯಲ್ಲಿ ಉಪ್ಪಿಟ್ಟು, ಹಿಂದಿನ ಸೀಟಿನಲ್ಲಿ ಸದ್ದಿಲ್ಲದೆ ಕೂರಬಲ್ಲ ಮಕ್ಕಳು, ಕಿಟಕಿಗೆ ಒಂದು ಚೀಲ ಅವರೆಕಾಳು, ಇಷ್ಟಿದ್ದರೆ ಸಾಕು. ಕ್ಯಾಮರ ಇಲ್ಲದವರಿಗೂ ಎಡಗಡೆಯ ಕಿಟಕಿ ಒಂದಿದ್ದೇ ಇರುತ್ತದೆ. ಬೇಲೂರಿನ ಶಿಲಾಬಾಲಿಕೆಯರು ಮಧ್ಯಾಹ್ನದವರೆಗೂ ಕಾಯುತ್ತಾರೆ. ಬೇಲಿಯ ಮೇಲಿನ ಪಂಕ್ತಿ ಬೆಳಗ್ಗೆ ಒಂಬತ್ತರ ಹೊತ್ತಿಗೆ ಎದ್ದುಬಿಡುತ್ತದೆ.